ಜಾಹೀರಾತು ಬಂದ ಕೂಡ್ಲೆ ಟಿವಿ ಸೌಂಡ್ ಯಾಕೆ ಏರುತ್ತೆ? ನಿಮ್ಮನೇಲೂ ಹಿಂಗೇನಾ?

ತುಂಗಾತೀರ_ತೀರ್ಥಹಳ್ಳಿ
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳ್ಬೇಕು ಅಂತಿದ್ದೆ, ಇವತ್ತು ತಲೆ ಕೆಟ್ಟು ಬರೀತಾ ಇದೀನಿ. ನಮ್ಮದು ಹೆಂಚಿನ ಮನೆ, ಮಳೆ ಹಿಡೀತು ಅಂದ್ರೆ ಮಾಡಿನ ಮೇಲೆ ಬೀಳೋ ಸದ್ದಿಗೆ ಸೀರಿಯಲ್‌ನೋರು ಮಾತಾಡೋದೇ ಕೇಳಲ್ಲ, ಅಮ್ಮಂಗೆ ಕಿವಿ ಬೇರೆ ಸ್ವಲ್ಪ ಮಂದ, ಅದಕ್ಕೆ ವಾಲ್ಯೂಮ್ ಏರಿಸಿ ಇಟ್ಟಿರ್ತಾರೆ. ಬ್ರೇಕ್ ಬಂತು ನೋಡಿ, ಚಿನ್ನದ ಸಾಲದವ್ನು, ಬಟ್ಟೆ ಸೋಪಿನವ್ನು, ಕೂದಲೆಣ್ಣೆಯವ್ನು ಒಬ್ಬರಾದ್ಮೇಲೆ ಒಬ್ರು ಬಂದು ಕಿವೀಲೇ ಕೂಗಿದ ಹಂಗೆ ಕೂಗ್ತಾರೆ. ಒಳಗೆ ಮಲಗಿದ ಮಗು ಬೆಚ್ಚಿ ಎದ್ದು ಅಳುತ್ತೆ. ಅಮ್ಮ ರಿಮೋಟ್ ಹುಡುಕಿ ಸೌಂಡ್ ಕಮ್ಮಿ ಮಾಡೋ ಹೊತ್ತಿಗೆ ಸೀರಿಯಲ್ ಮತ್ತೆ ಶುರು, ಆವಾಗ ಏನೂ ಕೇಳಲ್ಲ. ಇದು ದಿನಾ ರಾತ್ರಿ ನಡೆಯೋ ಕಥೆ.

ಬೇರೆ ಚಾನೆಲ್‌ಗೆ ಹಾಕಿದ್ರೆ ಅಲ್ಲೂ ಬ್ರೇಕು, ಅದೂ ಅದೇ ಜಾಹೀರಾತು. ಒಂದೇ ಬ್ರೇಕಲ್ಲಿ ಒಂದೇ ಜಾಹೀರಾತು ಎರಡು ಮೂರು ಸಲ ಹಾಕ್ತಾರಲ್ಲ ಅದು ಯಾವ ಲೆಕ್ಕ? ಮೊದಲನೇ ಸಲಕ್ಕೆ ಅರ್ಥ ಆಗದಷ್ಟು ದಡ್ಡರು ಅಂತ ತಿಳ್ಕೊಂಡಿದಾರಾ ನಮ್ಮನ್ನ? ಕೆಲವು ಜಾಹೀರಾತಲ್ಲಂತೂ ತುಟಿ ಒಂದು ಕಡೆ ಮಾತು ಒಂದು ಕಡೆ, ಹಿಂದೀಲಿ ಮಾಡಿದ್ದಕ್ಕೆ ಮೇಲಿಂದ ಕನ್ನಡ ಅಂಟಿಸಿರೋದು ಯಾರಿಗಾದ್ರೂ ಗೊತ್ತಾಗುತ್ತೆ, ನಮ್ಮ ಕಡೆ ಯಾರೂ ಹಂಗೆ ಮಾತಾಡಲ್ಲ.

ನನ್ನ ಪ್ರಶ್ನೆ ಇಷ್ಟೇ. ಸೌಂಡ್ ನಿಜವಾಗ್ಲೂ ಏರಿಸ್ತಾರಾ ಇಲ್ಲ ನಮ್ಮ ಟಿವಿದೇ ತೊಂದರೆನಾ? ಇದಕ್ಕೆ ಕಾನೂನು ಅಂತ ಏನಾದ್ರೂ ಇದ್ಯಾ? ನಿಮಗೆ ಯಾವ ಜಾಹೀರಾತು ಕಂಡ್ರೆ ಆಗಲ್ಲ, ಯಾಕೆ ಅಂತಾನೂ ಹೇಳಿ.

ಸಾಗರದ_ಸೌಂಡ್‌ನೋನು
ನಿಮ್ಮ ಟಿವಿ ಸರಿ ಇದೆ ಮಾರಾಯ್ರೆ. ನಾನು ಮೈಕ್ ಸೆಟ್ ಕೆಲಸ ಮಾಡೋನು, ಮದುವೆ, ಯಕ್ಷಗಾನ, ಜಾತ್ರೆ ಅಂತ ಓಡಾಡ್ತಾ ಇರ್ತೀನಿ, ಹಂಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೌಂಡಿಗೆ ಎರಡು ಲೆಕ್ಕ ಇದೆ. ಒಂದು ಪೀಕ್, ಅಂದ್ರೆ ಆ ಕ್ಷಣಕ್ಕೆ ಎಷ್ಟು ಎತ್ತರಕ್ಕೆ ಹೋಯ್ತು ಅನ್ನೋದು. ಇನ್ನೊಂದು ಸರಾಸರಿ, ಅಂದ್ರೆ ಒಟ್ಟು ಹೊತ್ತಲ್ಲಿ ಕಿವಿಗೆ ಎಷ್ಟು ಬಿತ್ತು ಅನ್ನೋದು. ಪೀಕ್ ಇಷ್ಟರ ಮೇಲೆ ಹೋಗೋ ಹಂಗಿಲ್ಲ ಅಂತ ಮಿತಿ ಇಟ್ರೆ ಸೀರಿಯಲ್ಲೂ ಜಾಹೀರಾತೂ ಎರಡೂ ಆ ಮಿತಿ ಒಳಗೇ ಇರ್ತವೆ. ಆದ್ರೆ ಜಾಹೀರಾತು ಮಾಡೋರು ಕಂಪ್ರೆಸರ್ ಅನ್ನೋ ಸೌಂಡ್ ಸಾಧನ ಹಾಕಿ ಮೆಲ್ಲಗಿರೋ ಭಾಗನೆಲ್ಲ ಎತ್ತಿ ಮೇಲಿನ ಮಟ್ಟಕ್ಕೆ ತಂದಿಡ್ತಾರೆ, ಪೀಕ್ ಮಿತಿ ದಾಟಲ್ಲ, ಸರಾಸರಿ ಏರುತ್ತೆ, ಪಿಸುಮಾತು ಕೂಡ ಕೂಗಿನಷ್ಟೇ ಜೋರು.

ಯಕ್ಷಗಾನದ ಆಟ ನೋಡಿದೋರಿಗೆ ಬೇಗ ತಿಳಿಯುತ್ತೆ. ಅರ್ಥ, ಅಂದ್ರೆ ಮಾತು, ಹೇಳುವಾಗ ಚೆಂಡೆ ಸುಮ್ನಿರುತ್ತೆ, ಯುದ್ಧದ ಪ್ರವೇಶಕ್ಕೆ ಮಾತ್ರ ಚೆಂಡೆ ಏರುತ್ತೆ, ಅದಕ್ಕೇ ಅದು ಮೈ ನಡುಗಿಸುತ್ತೆ. ಜಾಹೀರಾತಲ್ಲಿ 20 ಸೆಕೆಂಡೂ ಬರೀ ಯುದ್ಧದ ಚೆಂಡೆ, ಅರ್ಥಗಾರಿಕೆನೇ ಇಲ್ಲ. ಸಾಲದು ಅಂತ ನಮ್ಮ ಕಿವಿ ಜಾಸ್ತಿ ಸೂಕ್ಷ್ಮವಾಗಿರೋ ಎರಡು ಸಾವಿರದಿಂದ ಐದು ಸಾವಿರ ಹರ್ಟ್ಜ್ ಜಾಗದಲ್ಲಿ ದನಿನ ಚೂಪು ಮಾಡ್ತಾರೆ. ಪಕ್ಕದ ಕೋಣೆಗೂ ಕೇಳುತ್ತೆ.

ಇದನ್ನ ಅಳೆಯೋಕೆ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ. ಸರಾಸರಿ ಜೋರು ಅಳೆಯೋ ಅಂತರರಾಷ್ಟ್ರೀಯ ಮಾನದಂಡ 2006ರಿಂದಾನೇ ಇದೆ. ಅಮೆರಿಕದಲ್ಲಿ ಇದಕ್ಕಂತಲೇ 2010ರಲ್ಲಿ ಕಾಯ್ದೆ ಮಾಡಿದ್ರು, ಕಾಮ್ ಆಕ್ಟ್ ಅಂತ, ಜಾಹೀರಾತಿನ ಸರಾಸರಿ ಸೌಂಡು ಅದು ಬರೋ ಕಾರ್ಯಕ್ರಮಕ್ಕಿಂತ ಜಾಸ್ತಿ ಇರ್ಬಾರದು ಅಂತ, 2012ರ ಡಿಸೆಂಬರ್‌ನಿಂದ ಜಾರಿ. ಮನಸ್ಸು ಮಾಡಿದ್ರೆ ಆಗೋ ಕೆಲಸ ಇದು.

ಸದ್ಯಕ್ಕೆ ನಿಮ್ಮ ಟಿವಿ ಸೆಟ್ಟಿಂಗ್ಸಲ್ಲಿ ಸೌಂಡ್ ಒಳಗೆ ಆಟೋ ವಾಲ್ಯೂಮ್ ಅಂತಲೋ ನೈಟ್ ಮೋಡ್ ಅಂತಲೋ ಇದ್ರೆ ಆನ್ ಮಾಡಿ, ಒಂದೊಂದು ಕಂಪನೀಲಿ ಒಂದೊಂದು ಹೆಸರಿರುತ್ತೆ. ಪೂರ್ತಿ ಹೋಗಲ್ಲ, ಆದ್ರೆ ಮಗು ಎದ್ದೇಳೋದು ಕಮ್ಮಿ ಆಗ್ಬಹುದು.

ವಿನೋಬನಗರ_ಓದುಗ
ಕಾನೂನು ಇದೆ ಸಾರ್, ಚೆನ್ನಾಗೇ ಇದೆ. ಕೇಬಲ್ ಟಿವಿ ನೆಟ್‌ವರ್ಕ್ಸ್ ನಿಯಮಗಳು, 1994. ಅದರ 7ನೇ ನಿಯಮ ಪೂರ್ತಿ ಜಾಹೀರಾತಿಗೇ ಮೀಸಲು. ಜಾಹೀರಾತಿನ ಚಿತ್ರ ಆಗ್ಲಿ ಸದ್ದಾಗ್ಲಿ ವಿಪರೀತ ಜೋರಿರ್ಬಾರದು ಅಂತ ಅದರಲ್ಲೇ ಬರೆದಿದೆ. ಗಂಟೆಗೆ 12 ನಿಮಿಷದ ಮೇಲೆ ಹಾಕೋ ಹಂಗಿಲ್ಲ, ಅದರಲ್ಲಿ 10 ನಿಮಿಷ ಹೊರಗಿನ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಕಾರ್ಯಕ್ರಮ ನಡೀತಿರುವಾಗ ಸ್ಕ್ರೀನ್ ಕೆಳಗಡೆ ಪಟ್ಟಿ ತೂರಿಸಿ ಅಡ್ಡ ಬರ್ಬಾರದು ಅಂತಾನೂ ಇದೆ. ಈಗ ಯಾವುದಾದ್ರೂ ಸೀರಿಯಲ್ಲೋ ಕ್ರಿಕೆಟ್ಟೋ ಹಾಕಿ ನೋಡಿ, ಚಿತ್ರನ ಮೂಲೆಗೆ ತಳ್ಳಿ ಎಲ್ ಆಕಾರದಲ್ಲಿ ಜಾಹೀರಾತು ಸುತ್ತುವರಿದಿರುತ್ತೆ, ಓವರ್ ಮುಗಿದು ಬೌಲರ್ ಟೋಪಿ ತಗೊಳೋಕಿಲ್ಲ ಆಗ್ಲೇ ಬ್ರೇಕು.

ಹಂಗಿದ್ರೆ ಯಾಕೆ ನಡೀತಿದೆ ಅಂತ ಕೇಳ್ತೀರ. 2013ರಲ್ಲಿ ಟ್ರಾಯ್, ಅಂದ್ರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಈ 12 ನಿಮಿಷನ ಕಟ್ಟುನಿಟ್ಟಾಗಿ ಜಾರಿ ಮಾಡೋಕೆ ಹೊರಟಾಗ ಚಾನೆಲ್‌ನೋರು ದೆಹಲಿ ಹೈಕೋರ್ಟಿಗೆ ಹೋದ್ರು, ಬಲವಂತದ ಕ್ರಮ ತಗೋಬೇಡಿ ಅಂತ ಮಧ್ಯಂತರ ಆದೇಶ ಆಯ್ತು, ಕೇಸು ವರ್ಷಗಟ್ಟಲೆ ಎಳೀತು. ಅಷ್ಟು ವರ್ಷ ಬ್ರೇಕ್ ನೋಡಿದೋರು ನಾವು.

ನನಗೆ ಹೆಚ್ಚು ಬೇಜಾರಾಗೋದು ಇದು. 2019ರಿಂದ ಪೇ ಚಾನೆಲ್ಲಿಗೆ ಒಂದೊಂದಕ್ಕೂ ಬೆಲೆ ಕಟ್ಟಿ ವಸೂಲಿ ಮಾಡ್ತಾರೆ, ಅದರ ಮೇಲೆ ನೆಟ್‌ವರ್ಕ್ ಚಾರ್ಜು, ಅದರ ಮೇಲೆ ಜಿಎಸ್‌ಟಿ. ಪುಕ್ಕಟೆ ಕೊಡೋ ಚಾನೆಲ್‌ ಜಾಹೀರಾತು ಹಾಕಿದ್ರೆ ಒಂದು ನ್ಯಾಯ ಇದೆ. ದುಡ್ಡು ಕೊಟ್ಟು ನೋಡೋನಿಗೂ ಅಷ್ಟೇ ಜಾಹೀರಾತು ಅಂದ್ರೆ ಅದು ನ್ಯಾಯ ಅಲ್ಲ.

ಕೆಂಪಡಿಕೆ_ಹೊಸನಗರ
ಸೌಂಡು ಬಿಡಿ, ಮ್ಯೂಟ್ ಒತ್ತಿದ್ರೆ ಮುಗೀತು. ನನಗೆ ಕಂಡ್ರಾಗದೇ ಇರೋದು ಆ ಏಲಕ್ಕಿ ಜಾಹೀರಾತು. ದೊಡ್ಡ ದೊಡ್ಡ ಹಿಂದಿ ಹೀರೋಗಳು ಕೋಟು ಹಾಕ್ಕೊಂಡು ಹೆಲಿಕಾಪ್ಟರಿಂದ ಇಳಿದು ಒಂದು ಪೊಟ್ಟಣ ಬಿಚ್ಚಿ ಕೇಸರಿ ಪರಿಮಳ ಅಂತಾರೆ. ಏಲಕ್ಕಿ ಮಾರೋಕೆ ಹೆಲಿಕಾಪ್ಟರ್ ಬೇಕಾ ಸ್ವಾಮಿ? ನಮ್ಮ ಮಲ್ನಾಡಲ್ಲಿ ತೋಟದ ಮಧ್ಯೆ ಏಲಕ್ಕಿ ಬೆಳೆದೋರು ಯಾರೂ ಹೆಲಿಕಾಪ್ಟರ್ ಕಂಡಿಲ್ಲ. ಅದೇ ಹೆಸರಲ್ಲಿ ಅಂಗಡೀಲಿ ನೇತಾಡೋದು ಏನು ಅಂತ ಐದನೇ ಕ್ಲಾಸ್ ಹುಡುಗಂಗೂ ಗೊತ್ತು. ಇದಕ್ಕೆ ಸರೊಗೇಟ್ ಜಾಹೀರಾತು ಅಂತಾರೆ, ಜಾಹೀರಾತು ಹಾಕೋ ಹಂಗಿಲ್ಲದ್ದನ್ನ ಬೇರೆ ಮಾಲಿನ ವೇಷ ಹಾಕಿ ಪ್ರಚಾರ ಮಾಡೋದು. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ತಿಂಗಳಲ್ಲೇ ನಿಷೇಧ ಆಗಿದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದು ಸರೊಗೇಟ್ ಜಾಹೀರಾತು ಕೂಡ್ದು ಅಂದಿದೆ, ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದ ತನಕ ದಂಡ, ಮತ್ತೆ ಮಾಡಿದ್ರೆ 50 ಲಕ್ಷ. ಅದೇ ವರ್ಷ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಅಭಿಮಾನಿಗಳ ಕ್ಷಮೆ ಕೇಳಿ ಇಂಥದ್ದೊಂದರಿಂದ ಹಿಂದೆ ಸರಿದ್ರು. ಉಳಿದೋರು?

ಇಲ್ಲಿ ಯಾರಾದ್ರೂ ಕೇಳ್ಬಹುದು, ನೀವು ಬೆಳೆಯೋ ಅಡಿಕೆ ಹೋಗೋದು ಎಲ್ಲಿಗೆ ಅಂತ. ಹೌದು, ನಮ್ಮ ಶಿವಮೊಗ್ಗದ ಮಾರ್ಕೆಟ್ಟಲ್ಲಿ ರಾಶಿ, ಬೆಟ್ಟೆ ಅಂತ ಹರಾಜಾಗೋ ಕೆಂಪಡಿಕೆ ಬಹುಪಾಲು ಉತ್ತರದ ಪಾನ್ ಮಸಾಲಾ ಕಡೆಗೇ ಹೋಗುತ್ತೆ, ಅದರಿಂದಾನೇ ನಮ್ಮ ಮನೆ ನಡೀತಿದೆ. ಅದಕ್ಕೇ ಹೇಳ್ತಿರೋದು. ಮನೆ ಮುಂದೆ ಹರಿವಾಣದಲ್ಲಿ ವೀಳ್ಯದೆಲೆ ಜೊತೆ ಇಟ್ಟು ಕೊಡೋ ಅಡಿಕೆಗೆ ಒಂದು ಮರ್ಯಾದೆ ಇತ್ತು. ತಂಬಾಕು ಬೆರೆಸಿ ಪೊಟ್ಟಣ ಕಟ್ಟಿ, ಅದನ್ನ ಏಲಕ್ಕಿ ಅಂತ ಮುಚ್ಚಿಟ್ಟು ಮಕ್ಕಳ ಕಣ್ಣ ಮುಂದೆ ಹಿಡಿದೋರು ಇವ್ರು, ಕೊನೆಗೆ ಕೆಟ್ಟ ಹೆಸರು ಬಂದಿದ್ದು ಬೆಳೆಗೆ. ಸಂಜೆ ಅಡಿಕೆ ಸುಲಿಯುವಾಗ ಎದುರಿಗೆ ಟಿವಿ ಇರುತ್ತೆ, ಅದು ಬಂದಾಗ ನಮ್ಮಪ್ಪಯ್ಯ ತಲೆ ಎತ್ತಿ ನೋಡೋದೂ ಇಲ್ಲ, ಆಫ್ ಮಾಡು ಅಂತಾರೆ.

ಶಿಕಾರಿಪುರದಿಂದ_ಬೆಂಗಳೂರಿಗೆ
ಒಂದೇ ಜಾಹೀರಾತು ಮತ್ತೆ ಮತ್ತೆ ಯಾಕೆ ಅಂತ ತುಂಗಾತೀರದವ್ರು ಕೇಳಿದಾರೆ. ನಾನು ಜಾಹೀರಾತು ಏಜೆನ್ಸೀಲಿ ಮೀಡಿಯಾ ಪ್ಲಾನಿಂಗಲ್ಲಿ ಇದ್ದೋನು, ಒಳಗಿನ ಲೆಕ್ಕ ಹೇಳ್ತೀನಿ. ಒಬ್ಬ ನೋಡುಗನಿಗೆ ಎಷ್ಟು ಸಲ ಕಾಣ್ಸುತ್ತೆ ಅನ್ನೋದಕ್ಕೆ ಫ್ರೀಕ್ವೆನ್ಸಿ ಅಂತೀವಿ. ಬ್ರೇಕ್ ಬಂದ ಕೂಡ್ಲೆ ಜನ ಎದ್ದು ಹೋಗ್ತಾರೆ, ಒಲೆ ಮೇಲೆ ಹಾಲಿಟ್ಟಿರ್ತಾರೆ, ಮೊಬೈಲ್ ನೋಡ್ತಾರೆ, ಹಂಗಾಗಿ ಶುರುವಲ್ಲೊಂದು ಕೊನೇಲೊಂದು ಹಾಕ್ಸಿ ಅಂತ ದುಡ್ಡು ಕೊಡ್ತಾರೆ. ಚಾನೆಲ್‌ಗಳು ಬ್ರೇಕ್‌ನ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಇಟ್ಟುಕೊಂಡ್ರೆ ರಿಮೋಟ್ ಒತ್ತಿದೋನೂ ತಪ್ಪಿಸ್ಕೊಳಲ್ಲ. ಇದರ ಹಿಂದೆ ಹಳೇ ಸಂಶೋಧನೆಯೂ ಇದೆ, ರಾಬರ್ಟ್ ಜಾಯೋಂಟ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1968ರಲ್ಲಿ ಬರೆದಿದ್ದು, ಒಂದು ವಸ್ತುನ ಪದೇ ಪದೇ ಕಂಡ್ರೆ ಅದರ ಮೇಲೆ ಒಲವು ಬೆಳೆಯುತ್ತೆ ಅಂತ.

ಆದ್ರೆ ಅದಕ್ಕೂ ಒಂದು ಮಿತಿ ಇದೆ, ಅದನ್ನ ದಾಟಿದ್ರೆ ಒಲವು ಹೋಗಿ ಅಸಹ್ಯ ಹುಟ್ಟುತ್ತೆ, ನಮ್ಮ ಕೆಲಸದಲ್ಲಿ ಅದಕ್ಕೆ ವೇರ್ ಔಟ್ ಅಂತೀವಿ. ತೊಂದರೆ ಏನಂದ್ರೆ ಅಸಹ್ಯ ಪಟ್ಟೋನು ಟಿಆರ್‌ಪಿ ಅಳೆಯೋ ಮೀಟರ್ ಲೆಕ್ಕದಲ್ಲಿ ಕಾಣಲ್ಲ. ಟಿವಿ ಆನ್ ಇತ್ತು, ಯಾವ ಚಾನೆಲ್ ಇತ್ತು, ಯಾರು ನೋಡ್ತಿದ್ರು ಅಷ್ಟೇ ಅಲ್ಲಿ ದಾಖಲೆ, ಮುಂದೆ ಕೂತೋನು ಹಲ್ಲು ಕಚ್ಚಿದ್ನಾ ಅನ್ನೋದು ಮೀಟರಿಗೆ ಗೊತ್ತಾಗಲ್ಲ.

ಇನ್ನೊಂದು ಮಾತು. ಜಾಹೀರಾತು ಅಂದ್ರೇನೇ ಜನಕ್ಕೆ ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ರಾಜಕುಮಾರ್ ಒಂದು ರೂಪಾಯಿ ತಗೊಳ್ದೆ ನಂದಿನಿ ಹಾಲಿಗೆ ಬಂದಿದ್ದನ್ನ ನಮ್ಮೂರಲ್ಲಿ ಈಗ್ಲೂ ಪ್ರೀತಿಯಿಂದ ನೆನೆಸ್ತಾರೆ. ಮನೆಗೆ ಬಂದೋನು ಮೆಲ್ಲಗೆ ಮಾತಾಡಿದ್ರೆ ಕೇಳ್ತೀವಿ. ಬಜೆಟ್ ಪೂರ್ತಿ ಸ್ಲಾಟ್ ಖರೀದಿಗೆ ಸುರಿದು, ಕಥೆ ಬರೆಯೋನಿಗೂ ಕನ್ನಡ ಬರೆಯೋನಿಗೂ ಚಿಲ್ಲರೆ ಕೊಟ್ರೆ ನೀವು ಹೇಳಿದ ಹಂಗೇ ಆಗುತ್ತೆ.

ಸೊರಬದ_ಟೀಚರ್
ನನಗೆ ಸಿಟ್ಟು ಬರೋದು ಅಮ್ಮಂದಿರನ್ನ ಹೆದರ್ಸೋ ಜಾಹೀರಾತಿಗೆ. ಪಕ್ಕದ ಮನೆ ಮಗು ಉದ್ದ ಬೆಳೀತು, ನಿಮ್ಮದು ಬೆಳೀಲಿಲ್ಲ, ಈ ಪುಡಿ ಹಾಲಿಗೆ ಹಾಕಿ ಅಂತ. ಕೂಲಿಗೆ ಹೋಗೋ ತಾಯಂದಿರು ಮೊಟ್ಟೆ, ಹಣ್ಣು ತರೋ ದುಡ್ಡಲ್ಲಿ ಆ ಡಬ್ಬ ತಂದಿದ್ದನ್ನ ಕಣ್ಣಾರೆ ನೋಡಿದೀನಿ, ಹೊಟ್ಟೆ ಉರಿಯುತ್ತೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯನ ಹೆಲ್ತ್ ಡ್ರಿಂಕ್ ಅನ್ನೋ ಪಟ್ಟೀಲಿ ಇಡ್ಬೇಡಿ ಅಂತ ಹೇಳ್ತು. ಟಿವೀಲಿ ಹೆದರ್ಸೋದಂತೂ ನಿಂತಿಲ್ಲ. ಕಪ್ಪು ಹುಡುಗಿಗೆ ಕೆಲಸ ಸಿಗಲ್ಲ ಮದುವೆ ಆಗಲ್ಲ ಅಂತ ತೋರ್ಸಬಾರದು ಅಂತ ಜಾಹೀರಾತು ಮಂಡಳಿ ಆಸ್ಕಿ 2014ರಲ್ಲಿ ನಿಯಮ ಮಾಡಿದ ಮೇಲೆ ಅಂಥವು ಕಮ್ಮಿ ಆದ್ವು, ಈಗ ಬಿಳಿ ಅನ್ನೋ ಬದ್ಲು ಕಾಂತಿ ಅಂತಾರೆ, ತೋರ್ಸೋ ಮುಖ ಮಾತ್ರ ಅದೇ. ನನ್ನ ಕ್ಲಾಸಿನ ಹೆಣ್ಮಕ್ಕಳು ಇದನ್ನೆಲ್ಲ ನೋಡ್ತಾ ಕೂರ್ತಾರೆ, ಅವ್ರ ಮನಸ್ಸಿಗೆ ಏನಾಗುತ್ತೆ ಅಂತ ಯೋಚ್ನೆ ಮಾಡೋರೇ ಇಲ್ಲ.

ತುಂಗಾತೀರ_ತೀರ್ಥಹಳ್ಳಿ
ಎಲ್ರಿಗೂ ಥ್ಯಾಂಕ್ಸ್. ಆಟೋ ವಾಲ್ಯೂಮ್ ಸಿಕ್ತು, ಹಾಕಿದೀನಿ, ಸ್ವಲ್ಪ ವಾಸಿ. ಆದ್ರೆ ತಪ್ಪು ಅವ್ರದ್ದು, ಸೆಟ್ಟಿಂಗ್ ಬದಲಾಯಿಸೋರು ನಾವಾ? ವಿನೋಬನಗರದವ್ರೆ, ದೂರು ಕೊಡೋದು ಹೆಂಗೆ, ಕೊಟ್ರೆ ಯಾರಾದ್ರೂ ಕೇಳ್ತಾರಾ?

ವಿನೋಬನಗರ_ಓದುಗ
ಕೇಳ್ಲೇಬೇಕು ಸಾರ್. 2021ರ ಜೂನ್‌ನಲ್ಲಿ ಕೇಬಲ್ ನಿಯಮಕ್ಕೆ ತಿದ್ದುಪಡಿ ಬಂದು ಮೂರು ಹಂತ ಮಾಡಿದಾರೆ. ಮೊದ್ಲು ಚಾನೆಲ್ಲಿಗೇ ಬರೀಬೇಕು, 24 ಗಂಟೆ ಒಳಗೆ ಸ್ವೀಕೃತಿ ಕೊಡ್ಬೇಕು, 15 ದಿನದಲ್ಲಿ ಉತ್ತರ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಆ ಚಾನೆಲ್ ಯಾವ ಸ್ವಯಂ ನಿಯಂತ್ರಣ ಸಂಸ್ಥೆ ಸದಸ್ಯ ಅಂತ ನೋಡಿ ಅಲ್ಲಿಗೆ. ಅಲ್ಲೂ ಆಗ್ಲಿಲ್ಲ ಅಂದ್ರೆ ಕೇಂದ್ರ ಸರ್ಕಾರದ ಸಮಿತಿಗೆ. ಏಲಕ್ಕಿ, ಹಾಲಿನ ಪುಡಿ ತರದ್ದಕ್ಕೆ ಆಸ್ಕಿಗೂ ಬರೀಬಹುದು, ಅದು ಸರ್ಕಾರದ್ದಲ್ಲ, 1985ರಲ್ಲಿ ಜಾಹೀರಾತು ಕ್ಷೇತ್ರದೋರೇ ಕಟ್ಟಿಕೊಂಡಿದ್ದು, ಆದ್ರೂ ದೂರು ನೋಡ್ತಾರೆ.

ಬರೀ ಸೌಂಡ್ ಜೋರು ಅಂತ ಬರೆದ್ರೆ ಪಕ್ಕಕ್ಕಿಡ್ತಾರೆ. ಚಾನೆಲ್ ಹೆಸರು, ತಾರೀಕು, ಸಮಯ, ಯಾವ ಕಾರ್ಯಕ್ರಮದ ಬ್ರೇಕು, ಯಾವ ಜಾಹೀರಾತು ಅಷ್ಟನ್ನೂ ಬರೀರಿ. ಕೈಲಿ ಹಿಡಿಯದೆ ಒಂದೇ ಜಾಗದಲ್ಲಿ ಫೋನ್ ಇಟ್ಟು ಸೀರಿಯಲ್ ಕೊನೇದೂ ಜಾಹೀರಾತು ಶುರುದೂ ಒಟ್ಟಿಗೆ ವಿಡಿಯೋ ಮಾಡಿ ಲಗತ್ತಿಸಿ.

ಇದರಿಂದ ಏನೂ ಆಗಲ್ಲ ಅನ್ನೋರಿಗೆ ಒಂದು ಮಾತು. ರಮ್ಮಿ ಆಡಿ ಲಕ್ಷ ಗೆಲ್ಲಿ ಅಂತ ಬರ್ತಿದ್ವಲ್ಲ, 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಕ್ಕೂ ಅದರ ಜಾಹೀರಾತಿಗೂ ನಿಷೇಧದ ಕಾಯ್ದೆ ಬಂತು. ಅದು ಸುಮ್ನೆ ಬಂದಿದ್ದಲ್ಲ, ಮನೆ ಹಾಳಾದೋರು ಊರೂರಲ್ಲಿ ಕೂಗಿದ್ದಕ್ಕೆ ಬಂದಿದ್ದು.

ಸಾಗರದ_ಸೌಂಡ್‌ನೋನು
ವಿಡಿಯೋ ಮಾಡುವಾಗ ಮಳೆ ಇಲ್ದಿರೋ ಹೊತ್ತು ನೋಡ್ಕೊಳಿ, ಇಲ್ಲಾಂದ್ರೆ ಹೆಂಚಿನ ಸದ್ದೇ ತುಂಬ್ಕೊಳುತ್ತೆ. ಫೋನಲ್ಲಿ ಡೆಸಿಬಲ್ ಮೀಟರ್ ಆ್ಯಪ್ ಹಾಕಿ ಸೀರಿಯಲ್ ಸರಾಸರಿ ಎಷ್ಟು, ಜಾಹೀರಾತಿಂದು ಎಷ್ಟು ಅಂತ ಬರೆದಿಡಿ. ಕೋರ್ಟಿಗೆ ಒಪ್ಪೋ ಅಳತೆ ಅಲ್ಲ ಅದು, ಆದ್ರೆ ಎರಡರ ನಡುವಿನ ವ್ಯತ್ಯಾಸ ಕಾಣುತ್ತೆ. ಕಳಿಸೋ ಮುಂಚೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.

ಕೆಂಪಡಿಕೆ_ಹೊಸನಗರ
ನಾನು ಏಲಕ್ಕಿದು ಬರೀತೀನಿ. ಟೀಚರಮ್ಮ, ಆ ಹಾಲಿನ ಪುಡಿದು ನೀವು ಬರೀರಿ.