ರಾತ್ರಿಯಾದರೆ ವೈಫೈ ಕ್ಯಾಮೆರಾ ಆಫ್‌ಲೈನ್. ಬೇರೆ ತಗೊಳ್ಳಬೇಕಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಮನೆ. ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ನಾನು ಬೆಂಗಳೂರಿನಲ್ಲಿ. ಅಡಿಕೆ ಒಣಗಿಸುವ ಅಂಗಳ ಕಾಣುವ ಹಾಗೆ ಜಗಲಿಯ ಮಾಡಿನ ಕೆಳಗೆ ಒಂದು ವೈಫೈ ಕ್ಯಾಮೆರಾ ಹಾಕಿಸಿದ್ದೇನೆ. ಹಗಲೆಲ್ಲ ಚೆನ್ನಾಗಿರುತ್ತದೆ. ಕತ್ತಲಾಗುತ್ತಿದ್ದಂತೆ ಆಫ್‌ಲೈನ್. ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ, ಮತ್ತೆ ಹೋಗುತ್ತದೆ. ರೂಟರ್ ನಡುಮನೆಯಲ್ಲಿದೆ, ಮಧ್ಯೆ ಒಂದು ಜಂಬಿಟ್ಟಿಗೆ ಗೋಡೆ. ಅಂಗಡಿಯವರು ಇನ್ನೂ ದುಬಾರಿಯದ್ದು ತಗೊಳ್ಳಿ ಅನ್ನುತ್ತಾರೆ. ದಣಪೆ (ಗಳು ಅಡ್ಡ ಹಾಕುವ ಗೇಟು) ಹತ್ತಿರವೂ ಒಂದು ಬೇಕು, ಮನೆಯಿಂದ ಸುಮಾರು 60 ಮೀಟರ್ ದೂರ. ಕೊಯ್ಲಿಗೆ ಮುಂಚೆ ಎಲ್ಲ ಸರಿಯಾಗಬೇಕು. ಯಾವುದು ತಗೊಳ್ಳಲಿ?

ನೆಟ್‌ಗೆಳೆಯ:
ಜಂಬಿಟ್ಟಿಗೆ ಗೋಡೆ ಸಿಗ್ನಲ್ ತಿನ್ನುತ್ತದೆ. ರೂಟರ್‌ನಲ್ಲಿ 2.4 ಗಿಗಾಹರ್ಟ್ಜ್ ಆನ್ ಇದೆಯಾ ನೋಡಿ, ಗೋಡೆ ದಾಟುವುದರಲ್ಲಿ ಅದು 5ಕ್ಕಿಂತ ಮೇಲು. ಕ್ಯಾಮೆರಾ ಆ್ಯಪ್‌ನಲ್ಲಿ ಸಿಗ್ನಲ್ -75 ಡಿಬಿಎಂ ಆಸುಪಾಸು, ಅಂದರೆ ದುರ್ಬಲ ಅಂತ ತೋರಿಸಿದರೆ, ಸಿಗ್ನಲ್ ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಹಾಕಿ.

ವೈರಿಂಗ್ ಅಣ್ಣ:
ಸಿಗ್ನಲ್ ತೊಂದರೆಯಾದರೆ ಹಗಲೂ ಹೋಗಬೇಕಿತ್ತು ಅಲ್ವಾ? ಗೋಡೆ ಹಗಲೂ ಅದೇ, ರಾತ್ರಿಯೂ ಅದೇ. ಕತ್ತಲಾದಾಗ ಕ್ಯಾಮೆರಾದ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ ದೀಪಗಳು ಹತ್ತಿಕೊಳ್ಳುತ್ತವೆ, ಕ್ಯಾಮೆರಾ ಆಗ ಜಾಸ್ತಿ ಕರೆಂಟ್ ಎಳೆಯುತ್ತದೆ. ಸದ್ಯಕ್ಕೆ ಏನೂ ಖರೀದಿ ಮಾಡಬೇಡಿ. ಹಗಲಲ್ಲೇ ಆ್ಯಪ್ ತೆಗೆದು ನೈಟ್ ವಿಷನ್ 'ಆಟೋ' ಇರುವುದನ್ನು 'ಆನ್' ಮಾಡಿ. ಒಳಗೆ ಟಕ್ ಅಂತ ಫಿಲ್ಟರ್ ಸರಿಯುವ ಸದ್ದು ಕೇಳಬಹುದು, ಚಿತ್ರ ಕಪ್ಪುಬಿಳುಪಾಗುತ್ತದೆ. ಆಗಲೂ ಆಫ್ ಆದರೆ ತೊಂದರೆ ಇರುವುದು ಪವರ್‌ನಲ್ಲಿ. ಅಡಾಪ್ಟರ್ ಎಲ್ಲಿದೆ? ವೈರ್ ಎಷ್ಟು ಉದ್ದ?

ತೋಟದಮನೆ:
ಅಣ್ಣಾ, ಅಮ್ಮ ಕ್ಯಾಮೆರಾ ಎದುರು ನಿಂತು ನೋಡಿದರು. ಟಕ್ ಅಂದಿತು, ದೀಪ ಆರಿತು, ಮಧ್ಯಾಹ್ನವೇ ಆಫ್‌ಲೈನ್! ಅಡಾಪ್ಟರ್ ಒಳಗೆ ಟಿವಿ ಪಕ್ಕ ಇದೆ. ಅಲ್ಲಿಂದ 10 ಮೀಟರ್ ಯುಎಸ್‌ಬಿ ವೈರ್ ಎಳೆದಿದ್ದಾರೆ, ಸಪೂರದ್ದು.

ವೈರಿಂಗ್ ಅಣ್ಣ:
ಅಷ್ಟೇ ವಿಷಯ. ತೋಟಕ್ಕೆ ಸಪೂರ ಪೈಪ್ ಹಾಕಿದರೆ ಕೊನೆಯ ಜೆಟ್‌ಗೆ ಪ್ರೆಶರ್ ಇರುವುದಿಲ್ಲವಲ್ಲ, ಹಾಗೆ. ಅಡಾಪ್ಟರ್‌ನಲ್ಲಿ 5 ವೋಲ್ಟ್ ಇದ್ದರೂ ಅಂಥ ವೈರ್‌ನ ಕೊನೆಗೆ 4ಕ್ಕಿಂತ ಕೆಳಗೆ ಇಳಿಯಬಹುದು. ಕರೆಂಟ್ ಜಾಸ್ತಿ ಎಳೆದಷ್ಟೂ ಇಳಿತ ಜಾಸ್ತಿ. 230 ವೋಲ್ಟ್ ಲೈನನ್ನೇ ಮಾಡಿನ ಕೆಳಗಿನ ತನಕ ಎಳೆಸಿ, ನೀರು ಹೋಗದ ಬಾಕ್ಸ್ ಒಳಗೆ ಪ್ಲಗ್ ಕೂರಿಸಿ, ಕ್ಯಾಮೆರಾ ಜೊತೆ ಬಂದ ಗಿಡ್ಡ ವೈರನ್ನೇ ಬಳಸಿ. ಇದನ್ನು ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಆ ಪಾಯಿಂಟ್ ಮತ್ತು ರೂಟರ್ ಎರಡೂ ಇನ್ವರ್ಟರ್ ಲೈನ್ ಮೇಲಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಕ್ಯಾಮೆರಾ ಇದ್ದೂ ಇಲ್ಲದ ಹಾಗೆ.

ವೈರ್‌ಲೆಸ್ ಅಂತ ಬಾಕ್ಸ್ ಮೇಲೆ ಬರೆದಿರುವುದು ಚಿತ್ರ ಕಳಿಸುವುದಕ್ಕೆ ಮಾತ್ರ. ಕ್ಯಾಮೆರಾ ಆರಿಸುವ ಮೊದಲು ಅದಕ್ಕೆ ಕರೆಂಟ್ ಎಲ್ಲಿಂದ ಅಂತ ನಿರ್ಧರಿಸಿ. ದಣಪೆ ಹತ್ತಿರ ಪ್ಲಗ್ ಇಲ್ಲ, ವೈಫೈ ಮುಟ್ಟುವುದೂ ಅನುಮಾನ. ಬ್ಯಾಟರಿ-ಸೋಲಾರ್ ಕ್ಯಾಮೆರಾ ಅಡಿಕೆ ಮರದ ನೆರಳಿನಲ್ಲಿ, ಅದೂ ನಮ್ಮ ಮಳೆಗಾಲದಲ್ಲಿ, ಸರಿಯಾಗಿ ಚಾರ್ಜ್ ಆಗುವುದಿಲ್ಲ. ಜೊತೆಗೆ ಅಂಥವು ಬ್ಯಾಟರಿ ಉಳಿಸಲು ಮಲಗಿರುತ್ತವೆ. ಯಾರಾದರೂ ಬಂದ ಮೇಲೆ ಏಳುತ್ತವೆ, ಮೊದಲ ಕ್ಷಣ ತಪ್ಪಿಹೋಗಬಹುದು. 4ಜಿ ಸಿಮ್ ಕ್ಯಾಮೆರಾಗೂ ಕರೆಂಟ್ ಬೇಕೇ ಬೇಕು. ನನ್ನ ಮಟ್ಟಿಗೆ ಅಲ್ಲಿಗೆ ಪಿಓಇ (ಪವರ್ ಓವರ್ ಈಥರ್ನೆಟ್) ಸರಿ. ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ, 100 ಮೀಟರ್ ತನಕ. ಹೊರಗೆ ಹಾಕುವ ಕ್ಯಾಟ್6 ತಗೊಳ್ಳಿ, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. ಪೈಪ್ ಒಳಗೆ ಹೂಳಿ, ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗ್ ಕೊಡಿಸಿ. ಏಪ್ರಿಲ್-ಮೇ ಗುಡುಗು ಸಿಡಿಲಿನ ಸಮಯದಲ್ಲಿ ಉದ್ದ ಕೇಬಲ್‌ನಿಂದ ಉಪಕರಣ ಸುಟ್ಟುಹೋಗಬಹುದು.

ನೆಟ್‌ಗೆಳೆಯ:
ಅಣ್ಣ ಹೇಳಿದ್ದೇ ಸರಿ. ಹಗಲು-ರಾತ್ರಿಯ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಮೆಮೊರಿ ಕಾರ್ಡ್ ಬಗ್ಗೆ ಒಂದು ಮಾತು. 1080ಪಿ ವಿಡಿಯೋ 2 ಎಂಬಿಪಿಎಸ್‌ನಲ್ಲಿ ಸತತ ರೆಕಾರ್ಡ್ ಆದರೆ ದಿನಕ್ಕೆ ಸುಮಾರು 21 ಜಿಬಿ. 64 ಜಿಬಿ ಕಾರ್ಡಾದರೆ ಮೂರು ದಿನಕ್ಕೇ ಹಳೆಯದು ಅಳಿಸಿಹೋಗುತ್ತದೆ. ನೀವು ಊರಿಗೆ ಬಂದು ನೋಡುವ ಹೊತ್ತಿಗೆ ಬೇಕಾದದ್ದು ಇರುವುದಿಲ್ಲ. 128 ಜಿಬಿ ಹಾಕಿ, 'ಹೈ ಎಂಡ್ಯೂರೆನ್ಸ್' (ಸತತ ರೆಕಾರ್ಡಿಂಗ್ ತಾಳಿಕೊಳ್ಳುವುದು) ಅಂತ ಬರೆದಿರುವುದನ್ನೇ ಕೇಳಿ ತಗೊಳ್ಳಿ.

ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಕಂಪನಿಯ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದ ಕ್ಯಾಮೆರಾ, ರೂಟರ್‌ಗಳಿಗೇ ನುಗ್ಗಿತ್ತು.

ಜಗಲಿಕಟ್ಟೆ:
ಮಾಡಿನ ಕೆಳಗೆ ಅಂದಿರಲ್ಲ, ಜೇಡರ ಬಲೆ ನೋಡಿಕೊಳ್ಳಿ. ಲೆನ್ಸ್ ಎದುರು ಒಂದು ಎಳೆ ಬಂದರೂ ಐಆರ್ ಬೆಳಕಿಗೆ ಬೆಳ್ಳಗೆ ಹೊಳೆದು, ಗಾಳಿಗೆ ಅಲ್ಲಾಡಿ, ರಾತ್ರಿಯಿಡೀ ಅಲರ್ಟ್ ಬರುತ್ತದೆ. ವಾರಕ್ಕೊಮ್ಮೆ ಪೊರಕೆ ಆಡಿಸಿದರೆ ಸಾಕು. ಮೈಕ್ ಆಫ್ ಮಾಡಿಬಿಡಿ. ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ನಾಲ್ಕು ಜನ ಮಾತಾಡುತ್ತಾರೆ, ಅದೆಲ್ಲ ಬೆಂಗಳೂರಿನಲ್ಲಿ ಕೇಳಿಸುತ್ತದೆ ಅಂದರೆ ಯಾರಿಗೂ ಹಿತವಾಗುವುದಿಲ್ಲ. ಅಪ್ಪ ಅಮ್ಮನನ್ನೂ ಒಮ್ಮೆ ಕೇಳಿ.

ತೋಟದಮನೆ:
ಮೈಕ್ ಈಗಲೇ ಆಫ್ ಮಾಡಿದೆ. ಜಗಲಿ ಪ್ಲಗ್ ಪಾಯಿಂಟ್‌ಗೆ ಎಲೆಕ್ಟ್ರಿಷಿಯನ್ ಶನಿವಾರ ಬರುತ್ತಾರೆ. ಅಣ್ಣಾ, ಪಿಓಇ ಕೇಬಲ್‌ನ ಪೈಪನ್ನು ಪಂಪ್‌ಸೆಟ್ ಲೈನ್ ಹೋಗಿರುವ ಅಗಳಿನಲ್ಲೇ ಹಾಕಬಹುದಾ?

ವೈರಿಂಗ್ ಅಣ್ಣ:
ಪಂಪ್‌ಸೆಟ್ ಲೈನ್ ಜೊತೆ ಒಂದೇ ಪೈಪಿನಲ್ಲಿ ಖಂಡಿತ ಬೇಡ. ಬೇರೆ ಪೈಪ್, ಮಧ್ಯೆ ಕನಿಷ್ಠ ಒಂದು ಅಡಿ ಬಿಡಿ. ಮುಚ್ಚುವ ಮೊದಲು ಒಂದು ಫೋಟೋ ತೆಗೆದಿಡಿ, ಆಮೇಲೆ ಯಾರಾದರೂ ಗುದ್ದಲಿ ಹಾಕುವಾಗ ಬೇಕಾಗುತ್ತದೆ.