ಎನ್‌ಎಸ್‌ಎಫ್ ಸಂಗೀತ ತುಂಡುತುಂಡಾಗಿ ಕೇಳಿಸುತ್ತದೆ, ಹಾಡು ಮುಗಿಯುವುದೂ ಇಲ್ಲ

ಪ್ರಶ್ನೆ:
ನಮಸ್ಕಾರ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತಿರುವ ಸಣ್ಣ ಆಟವೊಂದಕ್ಕೆ ನಿಂಟೆಂಡೊ ಎನ್‌ಇಎಸ್ ಕಾಲದ ಸಂಗೀತವನ್ನು ಸೇರಿಸಲು, ಹಳೆಯ ಆಟದ ಯಂತ್ರಗಳ ಸಂಗೀತ ನುಡಿಸುವ ಗೇಮ್ ಮ್ಯೂಸಿಕ್ ಎಮು (ಜಿಎಂಇ) ಲೈಬ್ರರಿಯನ್ನು, ಧ್ವನಿಯನ್ನು ಸ್ಪೀಕರ್‌ಗೆ ಕಳಿಸುವ ಎಸ್‌ಡಿಎಲ್ 2 ಲೈಬ್ರರಿಯೊಂದಿಗೆ ಬಳಸುತ್ತಿದ್ದೇನೆ. ಎನ್‌ಎಸ್‌ಎಫ್ (ಎನ್‌ಇಎಸ್ ಆಟಗಳ ಸಂಗೀತವಿರುವ) ಫೈಲ್ ಯಾವ ದೋಷವೂ ಇಲ್ಲದೆ ತೆರೆದುಕೊಳ್ಳುತ್ತದೆ. ಆದರೆ ರಾಗ ಗುರುತು ಸಿಗುವಂತಿದ್ದರೂ ಕರ್ಕಶವಾಗಿ, ತುಂಡುತುಂಡಾಗಿ ಕೇಳಿಸುತ್ತದೆ. ವೇಗವೂ ಅರ್ಧಕ್ಕೆ ಇಳಿದಂತಿದೆ. 44,100 ಹರ್ಟ್ಸ್, ಸ್ಟೀರಿಯೊ, 16 ಬಿಟ್, ಬಫರ್ 1024 ಎಂದು ಹೊಂದಿಸಿ, ಕಾಲ್‌ಬ್ಯಾಕ್‌ನಲ್ಲಿ (ಧ್ವನಿ ಬೇಕಾದಾಗಲೆಲ್ಲ ಎಸ್‌ಡಿಎಲ್ ಕರೆಯುವ ನನ್ನ ಫಂಕ್ಷನ್‌ನಲ್ಲಿ) ಧ್ವನಿ ತಯಾರಿಸುವ ಜಿಎಂಇ_ಪ್ಲೇ ಫಂಕ್ಷನ್‌ಗೂ ಅದೇ 1024 ಕೊಟ್ಟಿದ್ದೇನೆ. ಇದಲ್ಲದೆ ಹಾಡು ಮುಗಿಯುವುದೇ ಇಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ:
ತೊಂದರೆ ಇರುವುದು ಆ ಎರಡನೆಯ 1024ರಲ್ಲಿ. ಎಸ್‌ಡಿಎಲ್ ಬಫರನ್ನು ಫ್ರೇಮ್‌ಗಳಲ್ಲಿ ಎಣಿಸುತ್ತದೆ, ಒಂದು ಫ್ರೇಮ್‌ನಲ್ಲಿ ಎಡದ್ದೊಂದು ಬಲದ್ದೊಂದು ಸ್ಯಾಂಪಲ್ (ಆ ಕ್ಷಣದ ಧ್ವನಿಯ ಮಟ್ಟವನ್ನು ಹೇಳುವ ಸಂಖ್ಯೆ) ಇರುತ್ತವೆ. ಜಿಎಂಇ_ಪ್ಲೇ ಕೇಳುವುದಾದರೋ ಎರಡೂ ಚಾನೆಲ್ ಸೇರಿದ ಒಟ್ಟು ಸ್ಯಾಂಪಲ್‌ಗಳ ಸಂಖ್ಯೆಯನ್ನು, ಅಂದರೆ 2048. ನೀವು ಅರ್ಧ ಬಫರನ್ನು ಮಾತ್ರ ತುಂಬಿಸುತ್ತಿರುವುದರಿಂದ ಹಾಡು ಅರ್ಧ ವೇಗದಲ್ಲಿ ಸಾಗುತ್ತಿದೆ. ಎಸ್‌ಡಿಎಲ್ 2 ಬಫರನ್ನು ತಾನಾಗಿ ಸೊನ್ನೆ ಮಾಡಿ ಕೊಡುವುದಿಲ್ಲವಾದ್ದರಿಂದ ಉಳಿದರ್ಧದಲ್ಲಿ ಮೊದಲೇ ಇದ್ದದ್ದೆಲ್ಲ ಸ್ಪೀಕರ್‌ಗೆ ಹೋಗುತ್ತಿದೆ, ಕರ್ಕಶ ಶಬ್ದ ಅದರದ್ದು. ಸಂಖ್ಯೆಯನ್ನು ಕೋಡ್‌ನಲ್ಲಿ ನೇರವಾಗಿ ಬರೆಯಬೇಡಿ. ಕಾಲ್‌ಬ್ಯಾಕ್‌ಗೆ ಬರುವ ಉದ್ದವನ್ನು ಎರಡರಿಂದ ಭಾಗಿಸಿ ಕೊಡಿ. ಆ ಉದ್ದ ಬೈಟ್‌ಗಳಲ್ಲಿರುತ್ತದೆ (ನಿಮ್ಮಲ್ಲಿ 4096), 16 ಬಿಟ್‌ನ ಒಂದು ಸ್ಯಾಂಪಲ್‌ಗೆ ಎರಡು ಬೈಟ್ ಬೇಕು, ಭಾಗಿಸದೆ ಕೊಟ್ಟರೆ ಲೈಬ್ರರಿ ಬಫರಿನ ಆಚೆಗೂ ಬರೆದು ಮೆಮೊರಿಯನ್ನು ಕೆಡಿಸುತ್ತದೆ.

ಹಾಡು ಮುಗಿಯದಿರುವುದು ದೋಷವಲ್ಲ. ಎನ್‌ಎಸ್‌ಎಫ್‌ನಲ್ಲಿರುವುದು ಧ್ವನಿಮುದ್ರಣವಲ್ಲ, ಆಟದಿಂದ ತೆಗೆದ 6502 ಪ್ರೊಸೆಸರ್‌ನ ಕೋಡ್ ಮತ್ತು ಸಂಗೀತದ ದತ್ತಾಂಶ. ಸೆಕೆಂಡಿಗೆ ಸುಮಾರು 60 ಬಾರಿ ಓಡುವ ಆ ಕೋಡ್ ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್ ಮತ್ತು ಒಂದು ಡಿಪಿಸಿಎಂ (ಮುದ್ರಿತ ತುಣುಕು ನುಡಿಸುವ) ಚಾನೆಲ್‌ಗಳ ರಿಜಿಸ್ಟರ್‌ಗಳಿಗೆ, ಅಂದರೆ ಧ್ವನಿ ಚಿಪ್‌ನ ನಿಯಂತ್ರಣ ಸ್ಥಾನಗಳಿಗೆ, ಬರೆಯುತ್ತಲೇ ಇರುತ್ತದೆ. ಆಟಗಾರ ಆ ಹಂತದಲ್ಲಿ ಎಷ್ಟು ಹೊತ್ತು ಇರುತ್ತಾನೋ ಅಷ್ಟು ಹೊತ್ತು ನುಡಿಯಲೆಂದೇ ಅದನ್ನು ರಚಿಸಿದ್ದಾರೆ. ಈ ಸಂಗೀತದ ಸೊಗಸೂ ಅಲ್ಲೇ ಇದೆ. ಆದ್ದರಿಂದ ಕೊನೆಯನ್ನು ನೀವೇ ನಿಗದಿಪಡಿಸಬೇಕು. ಜಿಎಂಇ_ಟ್ರ್ಯಾಕ್_ಇನ್ಫೋ ಕೊಡುವ ಪ್ಲೇ_ಲೆಂಗ್ತ್ ಮೌಲ್ಯವನ್ನು ಜಿಎಂಇ_ಸೆಟ್_ಫೇಡ್‌ಗೆ ಕೊಟ್ಟರೆ, ಆ ಹೊತ್ತಿನಿಂದ ಧ್ವನಿ ಮೆಲ್ಲಗೆ ಕುಗ್ಗುತ್ತದೆ (ಫೇಡ್), ಅದು ಮುಗಿದ ಮೇಲೆ ಜಿಎಂಇ_ಟ್ರ್ಯಾಕ್_ಎಂಡೆಡ್ ನಿಜ ಎನ್ನುತ್ತದೆ. ಸಾಮಾನ್ಯ ಎನ್‌ಎಸ್‌ಎಫ್‌ನಲ್ಲಿ ಅವಧಿಯ ಮಾಹಿತಿ ಇರದ ಕಾರಣ ಆ ಮೌಲ್ಯ 1,50,000 ಮಿಲಿಸೆಕೆಂಡ್, ಅಂದರೆ ಎರಡೂವರೆ ನಿಮಿಷ ಎಂದು ಬರುತ್ತದೆ. ಎನ್‌ಎಸ್‌ಎಫ್‌ಇ ರೂಪದ ಫೈಲ್ ಸಿಕ್ಕರೆ ಅದನ್ನೇ ಬಳಸಿ, ಅದರಲ್ಲಿ ಪ್ರತಿ ಹಾಡಿನ ಅವಧಿಯನ್ನು ದಾಖಲಿಸಲು ಅವಕಾಶವಿದೆ.

ಮರುಪ್ರಶ್ನೆ:
ಧನ್ಯವಾದಗಳು, ಈಗ ಸ್ವಚ್ಛವಾಗಿ ಕೇಳಿಸುತ್ತಿದೆ, ಫೇಡ್ ಕೂಡ ಸರಿಯಾಗಿದೆ. ಆದರೆ ಹಂತ ಬದಲಾದಾಗ ಬೇರೆ ಹಾಡು ಆರಂಭಿಸಿದರೆ ಒಮ್ಮೊಮ್ಮೆ ಆಟವೇ ಕ್ರ್ಯಾಶ್ ಆಗುತ್ತದೆ.

ಉತ್ತರ:
ಕಾಲ್‌ಬ್ಯಾಕ್ ಬೇರೆ ಥ್ರೆಡ್‌ನಲ್ಲಿ, ಅಂದರೆ ಆಟದ ಮುಖ್ಯ ಕೋಡ್‌ಗೆ ಸಮಾನಾಂತರವಾಗಿ, ಓಡುತ್ತದೆ. ಅದು ಸ್ಯಾಂಪಲ್ ತಯಾರಿಸುತ್ತಿರುವ ಹೊತ್ತಿಗೇ ಮುಖ್ಯ ಥ್ರೆಡ್ ಹೊಸ ಹಾಡಿಗಾಗಿ ಜಿಎಂಇ_ಸ್ಟಾರ್ಟ್_ಟ್ರ್ಯಾಕ್ ಕರೆದರೆ ಒಂದೇ ಎಮುಲೇಟರನ್ನು ಇಬ್ಬರೂ ಏಕಕಾಲಕ್ಕೆ ತಿದ್ದಿದಂತಾಗುತ್ತದೆ. ಆ ಕರೆಗೂ ಅದರ ನಂತರದ ಫೇಡ್ ಕರೆಗೂ ಮೊದಲು, ಕಾಲ್‌ಬ್ಯಾಕನ್ನು ತಡೆಹಿಡಿಯುವ ಎಸ್‌ಡಿಎಲ್_ಲಾಕ್‌ಆಡಿಯೊಡಿವೈಸ್, ಎರಡೂ ಮುಗಿದ ಮೇಲೆ ಎಸ್‌ಡಿಎಲ್_ಅನ್‌ಲಾಕ್‌ಆಡಿಯೊಡಿವೈಸ್ ಕರೆಯಿರಿ. ಫೈಲ್ ತೆರೆಯುವ ಕೆಲಸವನ್ನು ಲಾಕ್‌ನ ಹೊರಗೇ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಡಿಸ್ಕ್ ನಿಧಾನವಾದಾಗ ಧ್ವನಿ ತಡವರಿಸುತ್ತದೆ. ಲೈಬ್ರರಿಯಲ್ಲಿ ಹಾಡುಗಳ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ ಎಂಬುದೂ ಗಮನದಲ್ಲಿರಲಿ.