ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್ ಲೈಟ್ ಹತ್ತಿದೆ, ಹೊಸ ಸೆನ್ಸರ್ ಹಾಕಿದರೂ ಆರುತ್ತಿಲ್ಲ

ಪ್ರಶ್ನೆ (ಸಕಲೇಶಪುರ):
ಎಲ್ಲರಿಗೂ ನಮಸ್ಕಾರ. ನಮ್ಮದು 2018ರ ಡೀಸೆಲ್ ಹ್ಯಾಚ್‌ಬ್ಯಾಕ್, 82,000 ಕಿ.ಮೀ. ಓಡಿದೆ. ನಾನು ದಿನಾ ಹಾಸನಕ್ಕೆ ಹೋಗಿ ಬರುತ್ತೇನೆ. ಮುಂದಿನ ಎಡಗಡೆ ಚಕ್ರದಿಂದ ಗುಂಯ್ ಅಂತ ಶಬ್ದ ಬರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ವೀಲ್ ಬೇರಿಂಗ್ ಬದಲಿಸಿದರು, ಶಬ್ದ ಹೋಯಿತು. ಆದರೆ ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟ್ ಹತ್ತಿತು. ವಾಪಸ್ ಹೋದೆ. ಚಕ್ರದ ವೇಗ ಅಳೆಯುವ ಸೆನ್ಸರ್ ಹೋಗಿದೆ ಅಂದರು. 2,400 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಲೈಟ್ ಹಾಗೇ ಇದೆ. ಈಗ ಎಬಿಎಸ್ ನಡೆಸುವ ಕಂಪ್ಯೂಟರ್, ಅಂದರೆ ಮಾಡ್ಯೂಲೇ ಹೋಗಿದೆ, 38,000 ಆಗುತ್ತದೆ ಅನ್ನುತ್ತಿದ್ದಾರೆ. ಮುಂದಿನ ವಾರ ಮಗಳನ್ನು ಮಂಗಳೂರಿಗೆ ಬಿಡಬೇಕು. ಶಿರಾಡಿ ಘಾಟಿ ಇಳಿಯಬೇಕು, ಮಳೆ ಬೇರೆ. ಏನು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ, 19 ವರ್ಷದಿಂದ ಇದೇ ಕೆಲಸ):
ಮೇಡಂ, ದಯವಿಟ್ಟು ಮಾಡ್ಯೂಲ್ ಹಾಕಿಸಬೇಡಿ. ಮೊದಲು ಮೂರು ವಿಷಯ ಹೇಳಿ. ಕೀ ತಿರುಗಿಸಿದಾಗ ಎಬಿಎಸ್ ಲೈಟ್ ಹತ್ತಿ ಎರಡು ಮೂರು ಸೆಕೆಂಡಿಗೆ ಆರುತ್ತದಾ, ಇಲ್ಲ ಆರದೇ ಹಾಗೇ ನಿಲ್ಲುತ್ತದಾ? ಅದರ ಜೊತೆ ಕೆಂಪು ಬ್ರೇಕ್ ಲೈಟ್ ಕೂಡ ಹತ್ತಿದೆಯಾ? ಸ್ಕ್ಯಾನರ್ ಹಾಕಿದಾಗ ಏನು ಬಂತು? ಕೋಡ್ ನಂಬರ್ ಜೊತೆ ಅದರ ಪಕ್ಕ ಬರೆದಿರುವ ಮಾತೂ ನನಗೆ ಬೇಕು.

ಪ್ರಶ್ನೆ ಕೇಳಿದವರು:
ಕೀ ಹಾಕಿದಾಗ ಆರುತ್ತದೆ ಸರ್. ಮನೆಯಿಂದ ಹೊರಟು ಮೇನ್ ರೋಡ್ ಸೇರುವ ಮೊದಲೇ ಮತ್ತೆ ಹತ್ತುತ್ತದೆ. ಕೆಂಪು ಲೈಟ್ ಇಲ್ಲ. ಸ್ಕ್ಯಾನರಿನಲ್ಲಿ ಮುಂದಿನ ಎಡ ಚಕ್ರ, ಸಿಗ್ನಲ್ ಇಲ್ಲ ಅಂತ ಬಂದಿತ್ತು. ಕೋಡ್ ಅಳಿಸಿದರೆ ಹೋಗುತ್ತದೆ. ಮತ್ತೆ ಗಾಡಿ ಓಡಿಸಿದರೆ ಬರುತ್ತದೆ.

ಉತ್ತರ:
ಇದರಲ್ಲೇ ಅರ್ಧ ಕೆಲಸ ಮುಗಿಯಿತು ಮೇಡಂ. ಕೀ ಹಾಕಿದ ತಕ್ಷಣ ಮಾಡ್ಯೂಲ್ ತನ್ನನ್ನೂ ನಾಲ್ಕೂ ಚಕ್ರಕ್ಕೆ ಹೋಗುವ ವೈರುಗಳನ್ನೂ ಒಮ್ಮೆ ನೋಡಿಕೊಳ್ಳುತ್ತದೆ. ವೈರ್ ಕಟ್ ಆಗಿದ್ದರೆ, ವೈರ್ ಸೇರಿಸುವ ಕಪ್ಲರ್ ಬಿಟ್ಟಿದ್ದರೆ, ಫ್ಯೂಸ್ ಹೋಗಿದ್ದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಲೈಟ್ ಆರುವುದೇ ಇಲ್ಲ. ನಿಮ್ಮದು ಆರುತ್ತಿದೆ. ಅಂದರೆ ಕರೆಂಟ್ ಹೋಗುವ ದಾರಿ ಚೆನ್ನಾಗಿದೆ.

ಗಾಡಿ ಸ್ವಲ್ಪ ವೇಗ ಹಿಡಿದ ಮೇಲೆ ಮಾಡ್ಯೂಲ್ ನಾಲ್ಕು ಚಕ್ರದ ಲೆಕ್ಕವನ್ನು ಒಂದಕ್ಕೊಂದು ಹೋಲಿಸುತ್ತದೆ. ಮೂರು ಚಕ್ರ ಗಂಟೆಗೆ 20 ಕಿ.ಮೀ. ಅನ್ನುತ್ತವೆ, ಒಂದು ಸೊನ್ನೆ ಅನ್ನುತ್ತದೆ. ಗಾಡಿ ಹೋಗುತ್ತಿರುವಾಗ ಬ್ರೇಕ್ ಒತ್ತದೆ ಒಂದೇ ಚಕ್ರ ನಿಂತಿರಲು ಆಗುವುದಿಲ್ಲ ಅಲ್ವಾ? ಆಗ ಲೈಟ್ ಹಚ್ಚುತ್ತದೆ. ಹಾಗೆ ನೋಡಿದರೆ ನಿಮ್ಮ ಮಾಡ್ಯೂಲ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ. ತಪ್ಪು ಅದರದ್ದಲ್ಲ.

ಹೊಸ ಸೆನ್ಸರಿಗೂ ಸಿಗ್ನಲ್ ಇಲ್ಲ, ಹಳೆಯದಕ್ಕೂ ಇರಲಿಲ್ಲ. ಎರಡೂ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಹಾಗಾದರೆ ಸೆನ್ಸರ್ ಯಾವುದನ್ನು ಓದುತ್ತದೋ ಅದನ್ನು ನೋಡಬೇಕು. ಹಳೇ ಗಾಡಿಗಳಲ್ಲಿ ಆಕ್ಸಲ್ ಮೇಲೆ ಹಲ್ಲಿರುವ ಕಬ್ಬಿಣದ ರಿಂಗ್ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಈಚಿನ ಎಷ್ಟೋ ಗಾಡಿಗಳಲ್ಲಿ ಆ ರಿಂಗ್ ಇಲ್ಲ. ಬೇರಿಂಗಿನ ಒಂದು ಬದಿಯ ರಬ್ಬರ್ ಸೀಲಿನಲ್ಲೇ ಮ್ಯಾಗ್ನೆಟ್ ಪುಡಿ ಸೇರಿಸಿರುತ್ತಾರೆ. ಸುತ್ತಲೂ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಧ್ರುವಗಳು ಸಾಲಾಗಿರುತ್ತವೆ. ಸೆನ್ಸರ್ ಎಣಿಸುವುದು ಅದನ್ನೇ.

ಆ ಸೀಲಿರುವ ಬದಿ ಸೆನ್ಸರ್ ಕಡೆಗೇ ಇರಬೇಕು. ಒತ್ತಿ ಕೂರಿಸುವ ಪ್ರೆಸ್ಸಿಗೆ ಇಡುವಾಗ ಬೇರಿಂಗ್ ಉಲ್ಟಾ ಆದರೂ ಅಷ್ಟೇ ಸಲೀಸಾಗಿ ಕೂರುತ್ತದೆ. ಚಕ್ರ ಚೆನ್ನಾಗಿ ತಿರುಗುತ್ತದೆ, ಶಬ್ದವೂ ಇರುವುದಿಲ್ಲ. ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ನಿಮ್ಮ ಗಾಡಿಯಲ್ಲಿ ಆಗಿರುವುದು ಇದೇ ಅಂತ ನನ್ನ ಅಂದಾಜು. ಇನ್ನೊಂದು ಸಾಧ್ಯತೆಯೂ ಇದೆ. ಒಂದೇ ಗಾಡಿಯ ಎಬಿಎಸ್ ಇಲ್ಲದ ಮಾಡೆಲಿಗೆ ಅದೇ ಅಳತೆಯ ಸಾದಾ ಬೇರಿಂಗ್ ಬರುತ್ತದೆ. ಅಂಗಡಿಯವರು ಅದನ್ನು ಕೊಟ್ಟಿದ್ದರೂ ಹೀಗೇ ಆಗುತ್ತದೆ. ನಾನು ಹೊಸಬನಾಗಿದ್ದಾಗ ಉಲ್ಟಾ ಬೇರಿಂಗ್ ಕೂರಿಸಿ ಎರಡು ದಿನ ವೈರಿಂಗ್ ಹುಡುಕಿದ್ದೇನೆ. ಹಾಗಾಗಿ ಗ್ಯಾರೇಜಿನವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಇದನ್ನು ತೋರಿಸಿ, ಅರ್ಥ ಮಾಡಿಕೊಳ್ಳುತ್ತಾರೆ.

ಅಲ್ಲಿ ಮಾಡಿಸಬೇಕಾದ್ದು ಇಷ್ಟು. ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆಗೆಯಲಿ. ಒಬ್ಬರು ನಿಧಾನಕ್ಕೆ ಗಾಡಿ ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ನಾಲ್ಕು ಚಕ್ರದ ವೇಗ ನೋಡಲಿ. ಎಡ ಮುಂದಿನದು ಸೊನ್ನೆಯಿಂದ ಮೇಲೇಳದಿದ್ದರೆ ಬೇರಿಂಗ್ ಬಿಚ್ಚಿಸಿ. ಪ್ರೆಸ್ಸಿನಿಂದ ಹೊರಗೆ ಬಂದ ಬೇರಿಂಗನ್ನು ತಿರುಗಿಸಿ ಮತ್ತೆ ಹಾಕುವಂತಿಲ್ಲ. ತೆಗೆಯುವ ಒತ್ತಡವೆಲ್ಲ ಗುಂಡುಗಳ ಮೇಲೆ ಬಿದ್ದಿರುತ್ತದೆ, ಸ್ವಲ್ಪ ದಿನಕ್ಕೇ ಮತ್ತೆ ಗುಂಯ್ ಶುರುವಾಗುತ್ತದೆ. ಹೊಸದೇ ಬೇಕು.

ಹೊಸ ಬೇರಿಂಗ್ ಯಾವ ಬದಿ ಅಂತ ಕೂರಿಸುವ ಮೊದಲೇ ನೋಡಿಕೊಳ್ಳಿ. ಬೇರಿಂಗ್ ಮೇಲೆ ಒಂದು ತೆಳು ಬಿಳಿ ಹಾಳೆ ಇಡಿ. ಗ್ರೈಂಡರ್ ಕೆಳಗೆ ಬಿದ್ದಿರುವ ಸಣ್ಣ ಕಬ್ಬಿಣದ ಪುಡಿಯನ್ನು ಹಾಳೆ ಮೇಲೆ ಉದುರಿಸಿ, ಬೆರಳಲ್ಲಿ ಮೆಲ್ಲಗೆ ತಟ್ಟಿ. ಮ್ಯಾಗ್ನೆಟ್ ಇರುವ ಬದಿಯಾದರೆ ಪುಡಿ ಸಣ್ಣ ಸಣ್ಣ ಗೆರೆಗಳಾಗಿ ಸುತ್ತಲೂ ನಿಲ್ಲುತ್ತದೆ, ಬಾಚಣಿಗೆ ಹಲ್ಲಿನ ಹಾಗೆ. ಇನ್ನೊಂದು ಬದಿಯಲ್ಲಿ ಸುಮ್ನೆ ಚದುರಿಕೊಂಡು ಬಿದ್ದಿರುತ್ತದೆ. ಹಾಳೆ ಇಲ್ಲದೆ ನೇರ ಸೀಲ್ ಮೇಲೆ ಮಾತ್ರ ಹಾಕಬೇಡಿ, ಪುಡಿ ಅಂಟಿಕೊಂಡರೆ ತೆಗೆಯುವುದು ಕಷ್ಟ. ಎರಡೂ ಬದಿಯಲ್ಲಿ ಗೆರೆ ಬರಲಿಲ್ಲ ಅಂದರೆ ಅದು ಸಾದಾ ಬೇರಿಂಗ್, ಅಂಗಡಿಗೆ ವಾಪಸ್ ಕೊಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಸರಿಯಾಗುವವರೆಗೆ ಗಾಡಿ ಓಡಿಸಬಹುದಾ?

ಉತ್ತರ:
ಹಾಸನಕ್ಕೆ ಹೋಗಿ ಬನ್ನಿ, ತೊಂದರೆ ಇಲ್ಲ. ಎಬಿಎಸ್ ಲೈಟ್ ಒಂದೇ ಹತ್ತಿದ್ದರೆ ಸಾದಾ ಬ್ರೇಕ್ ಪೂರ್ತಿ ಕೆಲಸ ಮಾಡುತ್ತದೆ. ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು. ಲಾಕ್ ಆದ ಮೇಲೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಮಳೆಯಲ್ಲಿ ಮುಂದಿನ ಗಾಡಿಯಿಂದ ಜಾಸ್ತಿ ದೂರ ಇರಿ. ಶಿರಾಡಿ ಮಾತ್ರ ಸರಿ ಮಾಡಿಸಿದ ಮೇಲೇ ಇಳಿಯಿರಿ. ಮಗಳು ಜೊತೆಗಿರುತ್ತಾಳೆ.

ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿ, ಹ್ಯಾಂಡ್‌ಬ್ರೇಕ್ ಇಳಿಸಿದರೂ ಆರದಿದ್ದರೆ ಆ ಮಾತೇ ಬೇರೆ. ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು, ಇಲ್ಲ ಇಬಿಡಿ ಕೂಡ ನಿಂತಿರಬಹುದು. ಇಬಿಡಿ ಅಂದರೆ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಅಂತ ನೋಡಿಕೊಳ್ಳುವ ಭಾಗ. ಅದಿಲ್ಲದಿದ್ದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಅಂಥಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕ್ಕನ್ನೇ ಅಲ್ಲಿಗೆ ಕರೆಸಿ.

ಇನ್ನೊಬ್ಬರ ಪ್ರಶ್ನೆ (ಕುಂದಾಪುರ):
ಅಣ್ಣ, ನನ್ನದು ಸ್ವಲ್ಪ ಬೇರೆ. 2012ರ ಸೆಡಾನ್. ಲೈಟ್ ಹತ್ತುವುದಿಲ್ಲ. ಆದರೆ ಸಿಗ್ನಲಿನಲ್ಲಿ ಮೆಲ್ಲಗೆ ನಿಲ್ಲಿಸುವಾಗ, ಇನ್ನೇನು ನಿಂತಿತು ಅನ್ನುವಾಗ ಪೆಡಲ್ ಕರ್ ಕರ್ ಅಂತ ಕಾಲನ್ನು ತಳ್ಳುತ್ತದೆ. ಗಾಡಿ ಅರ್ಧ ಅಡಿ ಮುಂದೆ ಹೋಗುತ್ತದೆ. ರೋಡ್ ಒಣಗಿದ್ದರೂ ಹೀಗೇ.

ಉತ್ತರ:
ಇದು ಬಿಡುವಂಥ ವಿಷಯ ಅಲ್ಲ ತಮ್ಮ. ಒಣ ರೋಡಿನಲ್ಲಿ, ಅಷ್ಟು ಕಡಿಮೆ ವೇಗದಲ್ಲಿ ಎಬಿಎಸ್ ಕೆಲಸ ಮಾಡಬಾರದು. ನಿಮ್ಮದು ಹಳೇ ಥರದ್ದು, ಹಲ್ಲಿನ ರಿಂಗ್ ಇರುವಂಥದ್ದು ಅನಿಸುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ರಿಂಗ್ ಬಿರುಕು ಬಿಡುತ್ತದೆ. ಕೆಲವು ಸಲ ಸೆನ್ಸರ್ ಕೂರುವ ಜಾಗದಲ್ಲೇ ತುಕ್ಕು ಬೆಳೆದು ಸೆನ್ಸರನ್ನು ಕೂದಲೆಳೆಯಷ್ಟು ಮೇಲೆ ಎತ್ತಿರುತ್ತದೆ. ಈ ಥರದ ಸೆನ್ಸರಿಗೆ ನಿಧಾನ ಇದ್ದಾಗ ಸಿಗ್ನಲೇ ಸಣ್ಣದು. ಗ್ಯಾಪ್ ಸ್ವಲ್ಪ ಜಾಸ್ತಿಯಾದರೂ ನಿಲ್ಲುವ ಮೊದಲೇ ಸಿಗ್ನಲ್ ಸತ್ತುಹೋಗುತ್ತದೆ. ಚಕ್ರ ಲಾಕ್ ಆಯಿತು ಅಂದುಕೊಂಡು ಮಾಡ್ಯೂಲ್ ಬ್ರೇಕ್ ಬಿಡಿಸುತ್ತದೆ.

ಮಟ್ಟದ ಜಾಗದಲ್ಲಿ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ. ರಿಂಗಿನ ಒಂದು ಹಲ್ಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಟಾರ್ಚ್ ಹಿಡಿದು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಗುರುತು ಮತ್ತೆ ಬರುವವರೆಗೆ ಒಂದೊಂದೇ ಹಲ್ಲು ನೋಡಿ. ಬಿರುಕು ಎರಡು ಹಲ್ಲಿನ ನಡುವೆ ಕಪ್ಪು ಕೂದಲು ಅಂಟಿದ ಹಾಗೆ ಕಾಣುತ್ತದೆ. ಬಿರುಕಿದ್ದರೆ ರಿಂಗ್ ಬದಲಿಸಬೇಕು, ಬೇರೆ ದಾರಿ ಇಲ್ಲ. ಇಲ್ಲದಿದ್ದರೆ ಸೆನ್ಸರ್ ಬಿಚ್ಚಿ ಅದು ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ತಿಕ್ಕಿ. ಸೆನ್ಸರ್ ಮೂತಿಗೆ ಎಮರಿ ಬೇಡ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದರಲ್ಲಿ ಮ್ಯಾಗ್ನೆಟ್ ಇರುವುದರಿಂದ ಕಬ್ಬಿಣದ ಚೂರು ಹಿಡಿದಿರುತ್ತದೆ. ಸೆನ್ಸರ್ ಬರದಿದ್ದರೆ ಸುತ್ತಿಗೆ ಎತ್ತಬೇಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಹಾಗೇ ಬಿಡಿ. ಒಡೆದರೆ ಮೂತಿ ಒಳಗೇ ಉಳಿಯುತ್ತದೆ, ಆಮೇಲೆ ಡ್ರಿಲ್ ಮಾಡಬೇಕು.

ಇನ್ನೊಬ್ಬರ ಪ್ರಶ್ನೆ (ಹುಬ್ಬಳ್ಳಿ):
ಮಲ್ಟಿಮೀಟರಿನಲ್ಲಿ ಸೆನ್ಸರ್ ಚೆಕ್ ಮಾಡಬಹುದಾ? ಫೋನಿಗೆ ಹಾಕುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಕಾ?

ಉತ್ತರ:
ಹಳೇ ಥರದ ಸೆನ್ಸರ್ ಆದರೆ ಓಮ್ಸ್ ನೋಡಬಹುದು. ಸಾಮಾನ್ಯವಾಗಿ 1,000ದಿಂದ 2,000 ಓಮ್ಸ್ ಸುತ್ತಮುತ್ತ ಇರುತ್ತದೆ. ಎಡ ಬಲ ಎರಡನ್ನೂ ಹೋಲಿಸಿ ನೋಡುವುದು ಒಳ್ಳೆಯದು. ಈಚಿನ ಸೆನ್ಸರಿನೊಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ, ಅದಕ್ಕೆ ಓಮ್ಸ್ ಅಳತೆ ಅರ್ಥವಿಲ್ಲ, ಕೆಡಲೂಬಹುದು. ಅದಕ್ಕೆ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ವೈರಿನಲ್ಲಿ ವೋಲ್ಟೇಜ್ ಬರುತ್ತದಾ ನೋಡಿ. ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಇಂಜಿನ್ ಕೋಡ್ ಅಷ್ಟೇ ಓದುತ್ತವೆ, ಪಿ ಅಕ್ಷರದವು. ಎಬಿಎಸ್ ಕೋಡ್ ಸಿ ಅಕ್ಷರದಿಂದ ಶುರುವಾಗುತ್ತವೆ. ನಿಮ್ಮ ಗಾಡಿಯ ಎಬಿಎಸ್ ಓದುತ್ತದಾ ಅಂತ ಕೇಳಿ ಕೊಳ್ಳಿ.

ಇನ್ನೊಬ್ಬರ ಪ್ರಶ್ನೆ (ತೀರ್ಥಹಳ್ಳಿ):
ಹತ್ತು ದಿನ ಕಾರು ಶೆಡ್ಡಿನಲ್ಲೇ ಇತ್ತು. ಜಂಪ್ ಸ್ಟಾರ್ಟ್ ಮಾಡಿದೆವು. ಎಬಿಎಸ್, ಟ್ರ್ಯಾಕ್ಷನ್, ಹಿಲ್ ಹೋಲ್ಡ್ ಎಲ್ಲ ಲೈಟೂ ಒಟ್ಟಿಗೆ ಹತ್ತಿವೆ.

ಉತ್ತರ:
ಅವೆಲ್ಲ ಅದೇ ಚಕ್ರದ ಸೆನ್ಸರುಗಳನ್ನೇ ನಂಬಿಕೊಂಡಿರುವುದರಿಂದ ಒಟ್ಟಿಗೇ ಹತ್ತುತ್ತವೆ. ಹೆದರಬೇಡಿ. ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ. ವೋಲ್ಟೇಜ್ ಕಡಿಮೆಯಾದರೆ ಮಾಡ್ಯೂಲ್ ತಾನೇ ಆಫ್ ಆಗುತ್ತದೆ. ಚಾರ್ಜ್ ಆದ ಮೇಲೆ ಸ್ವಲ್ಪ ದೂರ ಓಡಿಸಿದರೂ ಆರದಿದ್ದರೆ ಬಾನೆಟ್ ಎತ್ತಿ ಇಲಿ ಹಿಕ್ಕೆ ಇದೆಯಾ ನೋಡಿ. ಅಡಿಕೆ, ಭತ್ತ ಇಡುವ ಶೆಡ್ಡಿನಲ್ಲಿ ಇಲಿ ವೈರ್ ಕಡಿಯುವುದು ಮಾಮೂಲಿ. ಸೆನ್ಸರ್ ವೈರ್ ಸಣ್ಣದು, ಚಕ್ರದ ಒಳಮೈಯಲ್ಲಿ ಹೋಗಿರುತ್ತದೆ. ಕಡಿದಿದ್ದರೆ ಸುಮ್ನೆ ಸುತ್ತಿ ಟೇಪ್ ಹಾಕಬೇಡಿ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿ. ಚಕ್ರದ ಹತ್ತಿರವೇ ಕಡಿದಿದ್ದರೆ ಹೊಸ ಸೆನ್ಸರ್ ವೈರ್ ಒಳ್ಳೆಯದು, ಅಲ್ಲಿ ವೈರ್ ಯಾವಾಗಲೂ ಮಡಚಿ ಬಿಚ್ಚುತ್ತಿರುತ್ತದೆ.

ಇನ್ನೊಬ್ಬರ ಪ್ರಶ್ನೆ (ಚಿತ್ರದುರ್ಗ):
ನಮ್ಮ ಮೆಕ್ಯಾನಿಕ್ ಫ್ಯೂಸ್ ತೆಗೆದು, ಡ್ಯಾಶ್‌ಬೋರ್ಡಿನ ಬಲ್ಬ್ ಕಿತ್ತುಬಿಡೋಣ ಅಂತಾನೆ. ನಮ್ಮಪ್ಪ ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದರು, ಎಬಿಎಸ್ ಎಲ್ಲಿತ್ತು?

ಉತ್ತರ:
ಸರ್, ಇದನ್ನು ಮಾತ್ರ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ. ನಿಮ್ಮಪ್ಪನವರ ಅಂಬಾಸಿಡರ್ ಬ್ರೇಕನ್ನು ಎಬಿಎಸ್ ಇಲ್ಲ ಅಂದುಕೊಂಡೇ ಮಾಡಿದ್ದರು. ನಿಮ್ಮ ಗಾಡಿಯ ಹಿಂದಿನ ಬ್ರೇಕನ್ನು ಇಬಿಡಿ ಹಿಡಿದುಕೊಳ್ಳುತ್ತದೆ ಅಂತ ನಂಬಿ ಮಾಡಿರುತ್ತಾರೆ. ಫ್ಯೂಸ್ ತೆಗೆದರೆ ಎರಡೂ ಹೋಗುತ್ತವೆ. ಎಬಿಎಸ್ ಇಲ್ಲದ ಗಾಡಿಗಿಂತ ಫ್ಯೂಸ್ ಕಿತ್ತ ಗಾಡಿ ಕೆಟ್ಟದಾಗಿ ನಿಲ್ಲಬಹುದು. ಬಲ್ಬ್ ಕಿತ್ತರೆ ಮುಂದೆ ಆ ಗಾಡಿ ಕೊಳ್ಳುವವರಿಗೂ ಗೊತ್ತಾಗುವುದಿಲ್ಲ. ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸಿಗೆ ಎಬಿಎಸ್ ಕೊಟ್ಟಾಗ ದುಡ್ಡಿದ್ದವರ ಗಾಡಿಗಷ್ಟೇ ಇತ್ತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಸಡಿಲ ಜಲ್ಲಿ ಮೇಲೆ ಎಬಿಎಸ್ ಇರುವ ಗಾಡಿ ನಿಲ್ಲಲು ಸ್ವಲ್ಪ ಜಾಸ್ತಿ ದೂರ ತೆಗೆದುಕೊಳ್ಳುತ್ತದೆ, ಅದು ನಿಜ. ಆದರೆ ಹೆದ್ದಾರಿಯಲ್ಲಿ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಿ ಪಕ್ಕಕ್ಕೆ ತಿರುಗಿಸಲು ಆಗುವುದು ಚಕ್ರ ಲಾಕ್ ಆಗದಿದ್ದರೆ ಮಾತ್ರ. ಸ್ಕ್ಯಾನ್ ಮಾಡಿಸಿ, ಏನು ಬಂತು ಅಂತ ಇಲ್ಲಿ ಹಾಕಿ. ನಾನು ನೋಡುತ್ತೇನೆ.

ಮೊದಲು ಪ್ರಶ್ನೆ ಕೇಳಿದವರು (ಐದು ದಿನದ ನಂತರ):
ಸರ್, ನೀವು ಹೇಳಿದ್ದೇ ಆಗಿತ್ತು. ಲೈವ್ ಡೇಟಾದಲ್ಲಿ ಮೂರು ಚಕ್ರ 22, ಎಡ ಮುಂದಿನದು ಸೊನ್ನೆ. ಬಿಚ್ಚಿದಾಗ ಬೇರಿಂಗ್ ಉಲ್ಟಾ ಇತ್ತು. ಹೊಸದರ ಮೇಲೆ ಹಾಳೆ ಇಟ್ಟು ಪುಡಿ ಹಾಕಿ ನಾನೇ ನೋಡಿದೆ, ಗೆರೆ ಗೆರೆಯಾಗಿ ನಿಂತಿತು. ಗ್ಯಾರೇಜಿನ ಹುಡುಗರೆಲ್ಲ ಬಂದು ನೋಡಿದರು. ಕೂಲಿ ತೆಗೆದುಕೊಳ್ಳಲಿಲ್ಲ, ಬೇರಿಂಗ್ ದುಡ್ಡು ಮಾತ್ರ. ನಿನ್ನೆ ಮಂಗಳೂರಿಗೆ ಹೋಗಿ ಬಂದೆವು. ಲೈಟ್ ಇಲ್ಲ.

ಉತ್ತರ:
ತುಂಬಾ ಖುಷಿಯಾಯಿತು ಮೇಡಂ. ಆಕ್ಸಲ್ ನಟ್ ಹೊಸದು ಹಾಕಿ, ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದ್ದಾರಾ ಅಂತ ಒಮ್ಮೆ ಕೇಳಿ. ಮತ್ತೆ, ಬಿಚ್ಚಿದ ಹಳೇ ಸೆನ್ಸರ್ ಬಿಸಾಡಿಲ್ಲ ತಾನೇ? ಅದು ಸರಿಯಾಗೇ ಇರಬೇಕು. ಒಂದು ಕವರಿನಲ್ಲಿ ಹಾಕಿ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟುಕೊಳ್ಳಿ.